ಮಸ್‌ಅಲ ಹೇಳಿದೆವು, ಕಾಯಿಲೆ ಕೇಳಲಿಲ್ಲ

ಮೂರು ವರ್ಷದ ಹಿಂದಿನ ಮಾತು. ಮಾಸ್ತಿಕಟ್ಟೆಯ ಜುಲೈ ಮಳೆ. ಮಗ್ರಿಬ್ ನಮಾಝ್ ಮುಗಿಸಿ ಮಕ್ಕಳಿಗೆ ಪಾಠ ಶುರು ಮಾಡುವ ಹೊತ್ತಿಗೆ ನಮ್ಮ ಜಮಾಅತಿನ ಒಬ್ಬ ಕಾಕ ಮದ್ರಸದ ಬಾಗಿಲ ಹತ್ತಿರ ಬಂದು ನಿಂತರು. ಅರವತ್ತು ದಾಟಿದವರು. ಗಂಗೊಳ್ಳಿಯಿಂದ ಬರುವ ಮೀನನ್ನು ಘಟ್ಟದ ಮೇಲಿನ ಊರುಗಳಲ್ಲಿ ಬೈಕಿನಲ್ಲಿಟ್ಟು ಮಾರಿ ನಾಲ್ಕು ಮಕ್ಕಳನ್ನು ದಡ ಸೇರಿಸಿದವರು.

"ಉಸ್ತಾದ್, ಒಂದು ಮಸ್‌ಅಲ ಕೇಳಲಿಕ್ಕುಂಟು" ಎಂದರು. ಮಕ್ಕಳಿಗೆ ಕೇಳಿಸದ ಹಾಗೆ ಪಕ್ಕಕ್ಕೆ ಕರೆದು, "ಮೂತ್ರದಲ್ಲಿ ರಕ್ತ ಹೋದರೆ ವುಳೂ ಹೇಗೆ? ಬಟ್ಟೆಗೆ ತಾಗಿದರೆ ನಿಸ್ಕಾರ ಆಗ್ತದಾ?" ಎಂದು ಕೇಳಿದರು.

ಕಿತಾಬಿನಲ್ಲಿ ಇದ್ದದ್ದನ್ನು ನಾವು ಹೇಳಿದೆವು. ಮೂತ್ರದ ದಾರಿಯಿಂದ ಏನು ಹೊರಬಂದರೂ ವುಳೂ ಮುರಿಯುತ್ತದೆ, ರಕ್ತ ನಜೀಸು, ನೀರಿನಿಂದ ಶುಚಿ ಮಾಡಿಕೊಳ್ಳಬೇಕು, ಬಟ್ಟೆ ಬದಲಿಸಬೇಕು. ಕಾಕ ತಲೆಯಾಡಿಸಿ ಸಲಾಂ ಹೇಳಿ ಕೊಡೆ ಬಿಡಿಸಿಕೊಂಡು ಹೋದರು. ನಾವು ಪಾಠಕ್ಕೆ ಕೂತೆವು.

ಕೇಳಬೇಕಾದ ಇನ್ನೊಂದು ಮಾತನ್ನು ನಾವು ಅಂದು ಕೇಳಲಿಲ್ಲ. ರಕ್ತ ಯಾಕೆ ಹೋಗ್ತಾ ಉಂಟು ಕಾಕ? ಎಷ್ಟು ದಿನದಿಂದ? ಡಾಕ್ಟರಿಗೆ ತೋರಿಸಿದಿರಾ? ಈ ಲೇಖನ ಬರೆಯುವುದು ಆ ಒಂದು ತಪ್ಪಿಗಾಗಿ.

ನಿಂತುಹೋದ ರಕ್ತ

ಕಾಕನ ರಕ್ತ ಎರಡು ದಿನದಲ್ಲಿ ತಾನಾಗಿ ನಿಂತಿತ್ತು. ನೋವು ಇರಲಿಲ್ಲ, ಉರಿ ಇರಲಿಲ್ಲ. ಮನೆಯವರು ಉಷ್ಣ ಎಂದರು. ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಯಾರೋ ಕಲ್ಲು ಇರಬೇಕು ಎಂದು ಹೇಳಿ ಕಲ್ಲು ಕರಗುವ ಸೊಪ್ಪಿನ ಮದ್ದು ತಂದುಕೊಟ್ಟರು. ರಕ್ತ ನಿಂತದ್ದು ಮದ್ದಿನಿಂದ ಎಂದೇ ಎಲ್ಲರೂ ನಂಬಿದರು.

ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಮತ್ತೆ ರಕ್ತ, ಈ ಸಲ ಹೆಪ್ಪುಹೆಪ್ಪಾಗಿ. ಹೆಪ್ಪು ಅಡ್ಡ ಬಂದು ಮೂತ್ರವೇ ಕಟ್ಟಿತು. ಹೊಟ್ಟೆ ಹಿಡಿದುಕೊಂಡು ಕೂಗುವ ಮನುಷ್ಯನನ್ನು ಜೀಪಿನಲ್ಲಿ ಮಲಗಿಸಿ ಹುಲಿಕಲ್ ದಾಟಿ ಬಾಳೆಬರೆ ಘಾಟಿ ಇಳಿದು ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ದರು. ನಾವೂ ಜೊತೆಗಿದ್ದೆವು. ಸ್ಕ್ಯಾನ್ ಆಯಿತು, ಒಳಗೆ ದುರ್ಬೀನು ಹಾಕಿ ನೋಡಿದರು, ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂತ್ರಕೋಶದ ಕ್ಯಾನ್ಸರ್. ಬೇರು ಮೂತ್ರಕೋಶದ ಮಾಂಸದ ಪದರಕ್ಕೆ ಇಳಿದಿತ್ತು.

"ಮೊದಲ ಸಲ ರಕ್ತ ಕಂಡಾಗಲೇ ಬಂದಿದ್ದರೆ ಬಹುಶಃ ಮೇಲ್ಪದರದಲ್ಲೇ ಸಿಗುತ್ತಿತ್ತು" ಎಂದರು ಡಾಕ್ಟರ್. ಅವರು ಬೈಯಲಿಲ್ಲ, ಸುಮ್ಮನೆ ಹೇಳಿದರು. ಆದರೆ ಆ ಮಾತು ನಮಗೇ ಹೇಳಿದ ಹಾಗಾಯಿತು. ಮೊದಲ ಸಲದ ರಕ್ತದ ಸುದ್ದಿ ಮನೆಯ ಹೊರಗೆ ಗೊತ್ತಿದ್ದದ್ದು ನಮಗೊಬ್ಬರಿಗೇ.

ನೋವಿಲ್ಲ ಎನ್ನುವುದೇ ಮೋಸ

ಆಸ್ಪತ್ರೆಯ ವರಾಂಡದಲ್ಲಿ ಕಳೆದ ದಿನಗಳಲ್ಲಿ, ಆಮೇಲೆ ಡಾಕ್ಟರುಗಳನ್ನು ಕೇಳಿ ಕೇಳಿ ನಾವು ತಿಳಿದುಕೊಂಡದ್ದನ್ನು ನಮ್ಮ ಮನೆಗಳಿಗೆ ಮುಟ್ಟಿಸಬೇಕು.

ಮೊದಲನೆಯದು: ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು ಮೂತ್ರಕೋಶದ ಕ್ಯಾನ್ಸರಿನ ಮುಖ್ಯ ಗುರುತು. ಕಲ್ಲಾದರೆ ಸಾಧಾರಣವಾಗಿ ಜೀವ ಹೋಗುವ ನೋವು, ಸೋಂಕಾದರೆ ಉರಿ. ಕ್ಯಾನ್ಸರಾದರೆ ಎಷ್ಟೋ ಸಲ ಏನೂ ಇಲ್ಲ. ಒಂದು ದಿನ ಕೆಂಪು, ಮರುದಿನ ಸರಿ. ರಕ್ತ ನಿಂತಿತೆಂದು ಗಡ್ಡೆ ಹೋಗುವುದಿಲ್ಲ. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ತಿನ್ನುವವರು "ಮಾತ್ರೆಯಿಂದ ಬಂತು" ಎಂದು ಸಮಾಧಾನ ಮಾಡಿಕೊಳ್ಳುವುದುಂಟು. ಅವರೂ ಪರೀಕ್ಷೆ ಮಾಡಿಸಲೇಬೇಕು. ಎಲ್ಲ ರಕ್ತವೂ ಕ್ಯಾನ್ಸರ್ ಅಲ್ಲ, ಹೆಚ್ಚಿನದ್ದು ಬೇರೆ ಕಾರಣದ್ದೇ. ಯಾವುದು ಎಂದು ಹೇಳುವುದು ಮಾತ್ರ ಪರೀಕ್ಷೆ, ನಮ್ಮ ಊಹೆ ಅಲ್ಲ.

ಎರಡನೆಯದು: ಬೀಡಿ, ಸಿಗರೇಟು. ಬೀಡಿ ಕಟ್ಟಿ ಸಂಸಾರ ಸಾಕಿದ ಉಮ್ಮಂದಿರು ನಮ್ಮ ಸಮುದಾಯದಲ್ಲಿ ಎಷ್ಟೋ ಮಂದಿ. ಅದನ್ನು ಸೇದಿದ ಗಂಡಸರೂ ಅಷ್ಟೇ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಮೂತ್ರಕೋಶಕ್ಕೆ ಏನು ಸಂಬಂಧ ಎಂದು ನಾವೂ ಕೇಳಿದೆವು. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ, ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ವಿಷ ಅಲ್ಲೇ ಒಳಪದರಕ್ಕೆ ತಾಗಿಕೊಂಡು ಕೂರುತ್ತದೆ. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆನ್ ಎಂಬ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕಾಯಿಲೆ ಕಂಡು, ಮೈಗೆ ಸೇರಿದ ರಾಸಾಯನಿಕ ಮೂತ್ರಕೋಶಕ್ಕೆ ಕೇಡು ಮಾಡುತ್ತದೆ ಎಂದು ಹೇಳಿದ್ದರು. ಅದೇ ಜಾತಿಯ ರಾಸಾಯನಿಕ ತಂಬಾಕಿನ ಹೊಗೆಯಲ್ಲೂ ಉಂಟು. ಸೇದುವವರಿಗೆ ಸೇದದವರಿಗಿಂತ ಸುಮಾರು ಮೂರು ಪಟ್ಟು ಅಪಾಯ. ನಮ್ಮ ಕಾಕ ನಲವತ್ತು ವರ್ಷ ಬೀಡಿ ಸೇದಿದ್ದರು.

ಮೂರನೆಯದು: ಬೇಗ ಸಿಕ್ಕಿದರೆ ಚಿಕಿತ್ಸೆ ಅಷ್ಟು ದೊಡ್ಡದಲ್ಲ. ಹತ್ತರಲ್ಲಿ ಏಳು ಮಂದಿಗೆ ಈ ಕ್ಯಾನ್ಸರ್ ಮೊದಲು ಕಾಣುವಾಗ ಮೇಲ್ಪದರದಲ್ಲೇ ಇರುತ್ತದೆ. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಸಲಕರಣೆ ಹಾಕಿ ಗಡ್ಡೆ ಕೆರೆದು ತೆಗೆಯುತ್ತಾರೆ. ಮರಳಿ ಬಾರದ ಹಾಗೆ ಕೆಲವರಿಗೆ ಮೂತ್ರಕೋಶದ ಒಳಗೆ ಬಿಸಿಜಿ ಮದ್ದು ಬಿಡುತ್ತಾರೆ. ಹುಟ್ಟಿದ ಮಗುವಿಗೆ ಕ್ಷಯ ಬಾರದ ಹಾಗೆ ತೋಳಿಗೆ ಚುಚ್ಚುವ ಅದೇ ಬಿಸಿಜಿ. ಕೆನಡಾದ ಡಾಕ್ಟರ್ ಆಲ್ವಾರೊ ಮೊರಾಲೆಸ್ 1976ರಲ್ಲಿ ಇದರ ಉಪಯೋಗ ತೋರಿಸಿಕೊಟ್ಟರು. ಮೊದಲು ವಾರಕ್ಕೊಂದರಂತೆ ಆರು ವಾರ. ಈ ಕಾಯಿಲೆ ಮರಳಿ ಬರುವ ಜಾತಿಯದ್ದು. ಹಾಗಾಗಿ ಗುಣವಾಯಿತು ಎಂದು ಮನೆಯಲ್ಲಿ ಕೂರುವ ಹಾಗಿಲ್ಲ. ಮೂರು ತಿಂಗಳಿಗೆ ದುರ್ಬೀನು ಪರೀಕ್ಷೆ, ಆಮೇಲೆ ಡಾಕ್ಟರ್ ಹೇಳಿದ ಗಡುವಿಗೆ ಸರಿಯಾಗಿ ಹೋಗಲೇಬೇಕು. ಮಳೆ, ಮದುವೆ, ಕೊನೆ ಕೊಯ್ಲು ಎಂದು ತಪ್ಪಿಸಿದವರೇ ಮತ್ತೆ ಕಷ್ಟಕ್ಕೆ ಬೀಳುವುದು.

ಮಾಂಸದ ಪದರಕ್ಕೆ ಇಳಿದರೆ ದಾರಿ ಬೇರೆ. ಮೊದಲು ಕಿಮೊ, ಆಮೇಲೆ ಮೂತ್ರಕೋಶವನ್ನೇ ತೆಗೆದು, ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಬದಿಗೆ ದಾರಿ ಮಾಡಿ ಚೀಲ ಅಂಟಿಸುತ್ತಾರೆ. ಕೆಲವರಿಗೆ ಮೂತ್ರಕೋಶ ಉಳಿಸಿ ಕಿಮೊ, ರೇಡಿಯೇಷನ್ ಒಟ್ಟಿಗೆ ಕೊಡುವುದೂ ಉಂಟು. ಕಾಕನಿಗೆ ಮೂತ್ರಕೋಶ ತೆಗೆದರು.

ಹೌಳಿನ ಹತ್ತಿರ ಹೊತ್ತಾಗುವ ಹಿರಿಯರು

ಐವತ್ತು ದಾಟಿದ ಗಂಡಸರ ಇನ್ನೊಂದು ಕಾಯಿಲೆ ಪ್ರಾಸ್ಟೇಟಿನದ್ದು. ಮೂತ್ರಕೋಶದ ಬುಡದಲ್ಲಿ ಮೂತ್ರದ ನಾಳವನ್ನು ಸುತ್ತಿಕೊಂಡ ಅಡಿಕೆಗಿಂತ ಸ್ವಲ್ಪ ದೊಡ್ಡ ಗ್ರಂಥಿ ಅದು. ಮಸೀದಿಯಲ್ಲಿ ಇದರ ಗುರುತು ಬೇಗ ಕಾಣುತ್ತದೆ. ಇಕಾಮತ್ ಆದರೂ ಹೌಳಿನ ಹತ್ತಿರ ಬಾರದೆ ಶೌಚಾಲಯದಲ್ಲೇ ಉಳಿಯುವ ಹಿರಿಯರು ನಮ್ಮ ಎಲ್ಲ ಜಮಾಅತುಗಳಲ್ಲೂ ಇದ್ದಾರೆ. ಧಾರೆ ಸಣ್ಣ, ಮುಗಿದರೂ ಹನಿ ನಿಲ್ಲುವುದಿಲ್ಲ, ರಾತ್ರಿ ನಾಲ್ಕು ಸಲ ಏಳಬೇಕು. ಶುಚಿಯ ಚಿಂತೆಯಿಂದ ಅವರು ಒಳಗೊಳಗೇ ಕುಗ್ಗುತ್ತಾರೆ, ವಸ್‌ವಾಸ್ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಎಷ್ಟೋ ಸಲ ಅದು ವಸ್‌ವಾಸ್ ಅಲ್ಲ, ಕಾಯಿಲೆ.

ಹೆಚ್ಚಿನವರಿಗೆ ಇದು ವಯಸ್ಸಿಗೆ ಗ್ರಂಥಿ ದೊಡ್ಡದಾದದ್ದು ಅಷ್ಟೇ, ಕ್ಯಾನ್ಸರ್ ಅಲ್ಲ. ಮಾತ್ರೆಗೇ ಹದಕ್ಕೆ ಬರುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಮೊದಲು ಯಾವ ಗುರುತೂ ತೋರಿಸದೆ ಇರಬಹುದು. ಕೆಲವರಿಗೆ ಎಲುಬಿಗೆ ಹರಡಿ ಸೊಂಟ ನೋವು ಬಂದ ಮೇಲೆಯೇ ತಿಳಿಯುತ್ತದೆ. ವಯಸ್ಸಾದವರ ಸೊಂಟ ನೋವಿಗೆ ಎಣ್ಣೆ ತಿಕ್ಕುತ್ತಲೇ ತಿಂಗಳು ಕಳೆಯುವುದು ನಮ್ಮ ಮನೆಗಳ ಅಭ್ಯಾಸ.

ಇದಕ್ಕೆ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಉಂಟು. ಅದರ ಅಂಕಿ ಹೆಚ್ಚಿದ ಕೂಡಲೇ ಕ್ಯಾನ್ಸರ್ ಎಂದು ಅಳಬೇಡಿ. ಸೋಂಕಾದರೂ, ಗ್ರಂಥಿ ಸುಮ್ಮನೆ ದೊಡ್ಡದಾದರೂ ಏರುತ್ತದೆ. ಡಾಕ್ಟರ್ ಬೆರಳಿನಿಂದ ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ, ಕೊನೆಗೆ ಗ್ರಂಥಿಯ ಚೂರು ತೆಗೆದು ನೋಡಿದ ಮೇಲೆಯೇ ತೀರ್ಮಾನ. ಆ ಬೆರಳಿನ ಪರೀಕ್ಷೆಗೆ ನಾಚಿ ಎದ್ದು ಬಂದವರು ನಮಗೆ ಗೊತ್ತು. ಒಂದು ನಿಮಿಷದ ನಾಚಿಕೆ ಅದು.

ಸಿಕ್ಕಿದ ಕ್ಯಾನ್ಸರಿನಲ್ಲಿಯೂ ಬಹಳ ನಿಧಾನದ್ದು ಉಂಟು. ಅದನ್ನು ಕೂಡಲೇ ಕೊಯ್ಯದೆ ಆಗಾಗ ಪರೀಕ್ಷೆ ಮಾಡುತ್ತಾ ಕಾಯುವುದೂ ಒಂದು ಚಿಕಿತ್ಸೆ. "ಡಾಕ್ಟರ್ ಏನೂ ಮಾಡಲಿಲ್ಲ" ಎಂದು ಆಸ್ಪತ್ರೆ ಬದಲಿಸಬೇಡಿ, ಯಾಕೆ ಕಾಯುವುದು ಎಂದು ಕೇಳಿ ತಿಳಿದುಕೊಳ್ಳಿ. ಉಳಿದವರಿಗೆ ಶಸ್ತ್ರಚಿಕಿತ್ಸೆ ಅಥವಾ ರೇಡಿಯೇಷನ್. ಹರಡಿದವರಿಗೆ ಗಂಡಸಿನ ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್. ಈ ಹಾರ್ಮೋನ್ ದಾರಿಯನ್ನು ಕಂಡುಹಿಡಿದ ಅಮೆರಿಕದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಹರಡಿದ ಮೇಲೂ ಇದರಿಂದ ವರ್ಷಗಟ್ಟಲೆ ನಡೆದಾಡಿಕೊಂಡು ಇರುವವರು ಇದ್ದಾರೆ.

ಹುಡುಗರು, ಹೆಂಗಸರು

ಇದು ಮುದುಕರ ಕಾಯಿಲೆ ಮಾತ್ರ ಎಂದು ತಿಳಿಯಬೇಡಿ. ವೃಷಣದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಹದಿನೈದರಿಂದ ನಲವತ್ತರ ಒಳಗಿನ ಗಂಡು ಮಕ್ಕಳಿಗೆ. ನೋವಿಲ್ಲದ ಗಟ್ಟಿ ಗಂಟು, ಅಥವಾ ಒಂದು ಬದಿ ಭಾರ. ಹುಡುಗ ಯಾರಿಗೂ ಹೇಳುವುದಿಲ್ಲ. ಗಲ್ಫಿನಲ್ಲಿ ರೂಮಿನಲ್ಲಿ ಇರುವವನಂತೂ ಊರಿಗೆ ಬಂದ ಮೇಲೆ ನೋಡುವ ಎಂದು ಮುಂದೆ ಹಾಕುತ್ತಾನೆ. ಆದರೆ ಕ್ಯಾನ್ಸರುಗಳಲ್ಲೇ ಅತ್ಯಂತ ಚೆನ್ನಾಗಿ ಗುಣವಾಗುವ ಜಾತಿ ಇದು. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಹರಡಿದವರೂ ಕಿಮೊದಿಂದ ಗುಣವಾಗುವುದುಂಟು. ಒಂದು ವೃಷಣ ತೆಗೆದರೂ ಇನ್ನೊಂದು ಸರಿಯಿದ್ದರೆ ಮದುವೆ, ಮಕ್ಕಳು ಸಾಧ್ಯ. ಕಿಮೊ ಶುರುವಾಗುವ ಮೊದಲು ಈ ವಿಷಯ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೇಳಬೇಕು.

ಉಮ್ಮಂದಿರಿಗೆ ಒಂದು ಮಾತು. ಗಂಡು ಮಗುವನ್ನು ಮೀಯಿಸುವಾಗ ಎರಡು ವೃಷಣವೂ ಚೀಲದಲ್ಲಿ ಉಂಟೋ ನೋಡಿ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಒಳಗೇ ಉಳಿದರೆ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚು. ಸುನ್ನತ್ ಮಾಡಿಸುವ ದಿನ ಡಾಕ್ಟರನ್ನು ಕೇಳಿದರೂ ಸಾಕು. ಹಾಗೆಯೇ, ಚಿಕ್ಕಂದಿನಲ್ಲಿ ಸುನ್ನತ್ ಆದವರಲ್ಲಿ ಶಿಶ್ನದ ಕ್ಯಾನ್ಸರ್ ಬಹಳ ಅಪರೂಪ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಆ ರಕ್ಷಣೆ ಮೂತ್ರಕೋಶಕ್ಕೋ ಪ್ರಾಸ್ಟೇಟಿಗೋ ಸಿಗುವುದಿಲ್ಲ.

ಹೆಂಗಸರಲ್ಲಿ ಮೂತ್ರದ ರಕ್ತವನ್ನು ತಿಂಗಳ ರಕ್ತ ಎಂದೋ, ಗರ್ಭಕೋಶದ್ದು ಎಂದೋ, ಸೋಂಕು ಎಂದೋ ತಿಳಿದು ಬಿಡುವುದು ಹೆಚ್ಚು. ತಿಂಗಳ ಹೈಳ್ ನಿಂತುಹೋದವರಿಗೆ ಮತ್ತೆ ರಕ್ತ ಕಂಡರೆ, ಯಾವ ದಾರಿಯದ್ದೇ ಆಗಲಿ, ತೋರಿಸಲೇಬೇಕು. ಲೇಡಿ ಡಾಕ್ಟರ್ ಇಲ್ಲ ಎಂದು ಕಾಯುವವರಿಗೆ ಹೇಳುವುದಿಷ್ಟು: ಹೆಣ್ಣು ಡಾಕ್ಟರ್ ಸಿಕ್ಕಿದರೆ ಅವರಿಗೇ ತೋರಿಸಿ. ಸಿಗದಿದ್ದರೆ ಗಂಡನೋ ಮಹ್ರಮೋ ಜೊತೆಗಿದ್ದು ಗಂಡು ಡಾಕ್ಟರಿಗೆ ತೋರಿಸಲಿಕ್ಕೆ ಶರೀಅತ್ ಅಡ್ಡ ಬರುವುದಿಲ್ಲ. ಅಗತ್ಯದಷ್ಟು ತೋರಿಸಬಹುದು.

ಕಿಡ್ನಿಯ ಕ್ಯಾನ್ಸರ್ ಹೆಚ್ಚಾಗಿ ಸಿಗುವುದು ಬೇರೆ ಯಾವುದಕ್ಕೋ ಮಾಡಿದ ಸ್ಕ್ಯಾನಿನಲ್ಲಿ. ಗಡ್ಡೆ ಸಣ್ಣದಿದ್ದರೆ ಅಷ್ಟನ್ನೇ ಕೊಯ್ದು ಕಿಡ್ನಿ ಉಳಿಸುತ್ತಾರೆ. ಇಡೀ ಕಿಡ್ನಿ ತೆಗೆದರೂ ಒಂದೇ ಕಿಡ್ನಿಯಲ್ಲಿ ಬದುಕಬಹುದು. ಸ್ಕ್ಯಾನ್ ರಿಪೋರ್ಟಿನಲ್ಲಿ "ಕಿಡ್ನಿಯಲ್ಲಿ ಗಡ್ಡೆ" ಎಂದಿದ್ದರೆ ಕಪಾಟಿನಲ್ಲಿ ಇಡಬೇಡಿ.

ಎಲ್ಲಿಗೆ ಹೋಗುವುದು?

ನಮ್ಮ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಲ್ಲಿ ಜ್ವರ ಬಂದರೆ ಜನ ಹೆದರಿ ಓಡುತ್ತಾರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ನಮಗೆ ಅಷ್ಟು ಪಾಠ ಕಲಿಸಿದೆ. ಮೂತ್ರದ ರಕ್ತಕ್ಕೂ ಅಷ್ಟೇ ಹೆದರಿಕೆ ಬೇಕು.

ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿ. ಎರಡನೇ ಹಂತಕ್ಕೆ ಬೇಕಾದದ್ದು ಯುರಾಲಜಿ ಡಾಕ್ಟರ್, ಅಂದರೆ ಮೂತ್ರಾಂಗಗಳ ತಜ್ಞ ಸರ್ಜನ್. ಶಿವಮೊಗ್ಗದ ಸರಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮುಂದಿನ ದಾರಿ ಕೇಳಬಹುದು. ಘಟ್ಟ ಇಳಿಯುವವರಿಗೆ ಮಣಿಪಾಲದ ಕೆಎಂಸಿ, ಅದರದ್ದೇ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ ಉಂಟು. ಮಂಗಳೂರು ಕಡೆ ನೆಂಟರಿದ್ದವರಿಗೆ ದೇರಳಕಟ್ಟೆಯಲ್ಲಿ ಯೆನೆಪೋಯದ ಝುಲೇಖಾ ಕ್ಯಾನ್ಸರ್ ಆಸ್ಪತ್ರೆ ಉಂಟು. ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ಬಡವರ ದೊಡ್ಡ ಆಸರೆ. ಅಲ್ಲೇ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ, ಮೂತ್ರರೋಗಗಳಿಗೆಂದೇ ಸರಕಾರದ ನೆಫ್ರೊ ಯುರಾಲಜಿ ಸಂಸ್ಥೆಯೂ ಉಂಟು.

ಹಣದ ಮಾತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಯೋಜನೆಯ ದರದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಸಾಧಾರಣವಾಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು. ನೇರ ಖಾಸಗಿಗೆ ಹೋಗಿ ಹಣ ಕಟ್ಟಿದ ಮೇಲೆ ಕಾರ್ಡು ತೋರಿಸಿದರೆ ಕಷ್ಟ. ರೇಷನ್ ಕಾರ್ಡು, ಆಧಾರ್, ರೆಫರಲ್ ಚೀಟಿ ಮೊದಲೇ ಒಂದು ಕವರಿನಲ್ಲಿ ಇಡಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬವರು ಇರುತ್ತಾರೆ, ದಾಖಲಾಗುವ ಮೊದಲೇ ಅವರನ್ನು ಕಾಣಿ. ತೆಗೆದ ಗಡ್ಡೆಯ ಚೂರಿನ ರಿಪೋರ್ಟು, ಸ್ಕ್ಯಾನಿನ ಸಿಡಿ ಯಾವುದನ್ನೂ ಬಿಸಾಡಬೇಡಿ. ಒಬ್ಬರೇ ಹೋಗಬೇಡಿ, ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಲಿಕ್ಕೆ ಕಲಿತ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ.

ಚೀಲ ಇದ್ದವರ ನಮಾಝ್

ಕಾಕ ಗುಣವಾಗಿ ಮನೆಗೆ ಬಂದರು. ಅಲ್‌ಹಮ್ದುಲಿಲ್ಲಾಹ್. ಆದರೆ ಎರಡು ತಿಂಗಳಾದರೂ ಮಸೀದಿಗೆ ಬರಲಿಲ್ಲ. ಸುಸ್ತು ಇರಬೇಕೆಂದು ನಾವು ತಿಳಿದೆವು. ಮನೆಗೆ ಹೋಗಿ ಕೂತಾಗ ಸಮಾ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಉಸ್ತಾದ್, ಮೈಗೆ ಮೂತ್ರದ ಚೀಲ ಕಟ್ಟಿಕೊಂಡವನಿಗೆ ಎಂಥ ನಿಸ್ಕಾರ? ಅವತ್ತು ನೀವೇ ಹೇಳಿದ್ದು, ನಜೀಸು ಅಂತ."

ನಮ್ಮ ಅರ್ಧ ಉತ್ತರ ಆ ಮನುಷ್ಯನನ್ನು ಎರಡು ಸಲ ಕೆಡಿಸಿತ್ತು. ಅವತ್ತು ಆಸ್ಪತ್ರೆಗೆ ಕಳಿಸಲಿಲ್ಲ, ಈಗ ಮಸೀದಿಯಿಂದ ದೂರ ಮಾಡಿತು.

ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇವೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಮೂತ್ರ ನಿಲ್ಲದೆ ಹೋಗುವವರಿಗೆ ಬೇರೆಯೇ ಹುಕುಂ ಉಂಟು. ನಮಾಝಿನ ಸಮಯ ಆದ ಮೇಲೆ ಶುಚಿ ಮಾಡಿಕೊಂಡು, ಹೊರಗೆ ಹರಡದ ಹಾಗೆ ಕಟ್ಟಿಕೊಂಡು, ವುಳೂ ಮಾಡಿ, ತಡ ಮಾಡದೆ ನಮಾಝ್ ಮಾಡುವುದು. ಜಮಾಅತಿಗಾಗಿ ಕಾಯುವುದು ತಡ ಎಂದು ಲೆಕ್ಕ ಅಲ್ಲ. ಒಂದು ವುಳೂವಿನಲ್ಲಿ ಒಂದು ಫರ್ಳ್, ಸುನ್ನತ್ ಎಷ್ಟು ಬೇಕಾದರೂ. ಆ ನಡುವೆ ಹನಿ ಹೋದರೂ ಅದಕ್ಕೆ ವಿನಾಯಿತಿ ಉಂಟು. ಚೀಲದವರು, ಕ್ಯಾತಿಟರ್ ಹಾಕಿದವರು ಚೀಲ ಖಾಲಿ ಮಾಡಿ, ಬಾಯಿ ಭದ್ರ ಮಾಡಿ, ಇದೇ ರೀತಿ ನಡೆದುಕೊಳ್ಳಬಹುದು. ಮಸೀದಿ ಮಲಿನವಾಗುವ ಭಯ ಇಲ್ಲದಿದ್ದರೆ ಒಳಗೆ ಬರಲಿಕ್ಕೂ ಅಡ್ಡಿ ಇಲ್ಲ. ಕಿಮೊ ತೆಗೆದುಕೊಳ್ಳುವವರಿಗೆ ನೋಂಬು ಬಿಡುವ ಅನುಮತಿ ಉಂಟು, ಗುಣವಾದ ಮೇಲೆ ಕಳಾ ವೀಟಬಹುದು. ಗುಣವಾಗುವ ಆಸೆ ಇಲ್ಲದವರಿಗೆ ಫಿದ್‌ಯ. ಒಬ್ಬೊಬ್ಬರ ಸ್ಥಿತಿ ಒಂದೊಂದು, ನಿಮ್ಮ ಖತೀಬರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಕೇಳಲಿಕ್ಕೆ ನಾಚಬೇಡಿ.

ಮರು ಶುಕ್ರವಾರ ಕಾಕ ಜುಮುಅಕ್ಕೆ ಬಂದರು. ಹಿಂದಿನ ಸಾಲಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಈಗ ಎಲ್ಲ ಜುಮುಅಕ್ಕೂ ಬರುತ್ತಾರೆ. ಬೀಡಿ ಬಿಟ್ಟಿದ್ದಾರೆ. ಗಡುವಿಗೆ ಸರಿಯಾಗಿ ಘಟ್ಟ ಇಳಿದು ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ.

ನಮ್ಮ ಉಸ್ತಾದರುಗಳಲ್ಲಿ ಒಂದು ವಿನಂತಿ. ಊರಿನ ಗಂಡಸರು ಮಡದಿಗೂ ಹೇಳದ ಮಾತನ್ನು ಮಸ್‌ಅಲದ ನೆಪದಲ್ಲಿ ನಮ್ಮ ಹತ್ತಿರ ಹೇಳುತ್ತಾರೆ. ರಕ್ತ, ಹನಿ, ಗಂಟು ಎಂದು ಯಾರು ಕೇಳಿದರೂ ವುಳೂವಿನ ಹುಕುಂ ಹೇಳಿ. ಅಲ್ಲಿಗೇ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಯಾವತ್ತು ಹೋಗುವುದು ಎಂದು ಕೇಳಿ. ಬಸ್ಸಿಗೆ ಹಣ ಇಲ್ಲ ಎಂದರೆ ಜಮಾಅತಿನ ಪೆಟ್ಟಿಗೆಯಿಂದ ಕೊಡಿಸಿ, ಜೊತೆಗೆ ಜನ ಇಲ್ಲ ಎಂದರೆ ಒಬ್ಬ ಹುಡುಗನನ್ನು ಕಳಿಸಿ. ಚಿಕಿತ್ಸೆ ಮಾಡಿಸಿಕೊಳ್ಳುವುದು ನಮ್ಮ ದೀನ್ ಹೇಳಿಕೊಟ್ಟದ್ದೇ, ತವಕ್ಕುಲಿಗೆ ವಿರುದ್ಧ ಅಲ್ಲ.

ನಾವು ಮದ್ರಸದ ಬಾಗಿಲಲ್ಲಿ ಈಗ ಎರಡೂ ಕೇಳುತ್ತೇವೆ. ಕಳೆದ ವರ್ಷ ಹೀಗೆ ಕೇಳಿ ಕಳಿಸಿದ ಒಬ್ಬರಿಗೆ ಬರೀ ಕಲ್ಲು ಎಂದಾಯಿತು. ಸುಮ್ಮನೆ ಹೆದರಿಸಿದಿರಿ ಉಸ್ತಾದ್ ಎಂದು ನಕ್ಕರು. ಹಾಗೆ ನಗುವವರು ಹೆಚ್ಚಾಗಲಿ ಎಂಬುದೇ ನಮ್ಮ ದುಆ.